ಕಂದನ ಕಣ್ಣಿನ ಕಾಲುವೆಗಳು

ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಅದರ ಮೇಲೆ ದೃಷ್ಟಿಯನ್ನು ನೆಲೆಗೊಳಿಸುವ ಪೂಜಾವಿಧಾನ ನಮ್ಮದು. ಶ್ರೀಮಠದ ಸದ್ಭಕ್ತರಿಗೆ ಕಣ್ಣಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ವೃದ್ಧಾಪ್ಯದ ಪೊರೆ, ಸಕ್ಕರೆ ಕಾಯಿಲೆಯಿಂದ ಬರುವ ಮಸುಕು ಇವುಗಳ ಬಗ್ಗೆ ಹಳ್ಳಿಹಳ್ಳಿಯಲ್ಲೂ ಈಗ ಸಾಕಷ್ಟು ತಿಳಿವಳಿಕೆ ಇದೆ. ಆದರೆ ಹುಟ್ಟಿ ಎರಡು ತಿಂಗಳೂ ತುಂಬದ ಕೂಸಿನ ಕಣ್ಣು, ಹೊರಗೆ ಕೆಂಪಾಗದೆ, ಕೀವು ಸುರಿಸದೆ, ಕೂಸು ಒಮ್ಮೆಯೂ ನೋವಿನಿಂದ ಅಳದೆ, ಒಳಗೊಳಗೇ ಶಾಶ್ವತವಾಗಿ ಆರಿಹೋಗಬಹುದೆಂಬ ಸಂಗತಿ ಬಹಳ ಮನೆಗಳಿಗೆ ತಿಳಿಯದು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಕಾಡುವ ಈ ವ್ಯಾಧಿಯನ್ನು ವೈದ್ಯರು ಆರ್‌ಒಪಿ ಎನ್ನುತ್ತಾರೆ. ಕಣ್ಣಿನ ಒಳಭಿತ್ತಿಯ ರಕ್ತನಾಳಗಳ ಹಾದಿಯನ್ನು ಓದಿ ಇದನ್ನು ಕಂಡುಹಿಡಿಯಬೇಕು. ಹಾಗೆ ಓದುವ ವಿದ್ಯೆಯನ್ನು ಇತ್ತೀಚಿನ ವರ್ಷಗಳಲ್ಲಿ ಗಣಕಯಂತ್ರಕ್ಕೂ ಕಲಿಸಲಾಗಿದೆ. ಅದರ ಒಂದು ಮುಖ್ಯ ಪಾಠಶಾಲೆ ನಮ್ಮ ಕರ್ನಾಟಕವೇ ಆಗಿತ್ತೆಂಬುದು ಈ ತಿಂಗಳ ಲೇಖನಕ್ಕೆ ಕಾರಣ.

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಭಕ್ತರಿಗೆ ಈ ವ್ಯಾಧಿಯ ಸ್ವರೂಪವನ್ನು ವಿವರಿಸುವುದು ಸುಲಭ. ಅವರ ಊರಿನ ಹೆಸರಿನಲ್ಲಿಯೇ ಕೆರೆಯಿದೆ, ಮಗ್ಗುಲಲ್ಲಿ ಶಾಂತಿಸಾಗರವೆಂಬ ಸೂಳೆಕೆರೆಯಿದೆ. ಕೆರೆಯ ತೂಬಿನಿಂದ ಸಿದ್ಧನಾಲೆ, ಬಸವನಾಲೆಗಳು ಹೊರಡುತ್ತವೆ. ನಾಲೆಯಿಂದ ಕಾಲುವೆ, ಕಾಲುವೆಯಿಂದ ಹೊಲಗಾಲುವೆ ಕವಲೊಡೆದು ಅಚ್ಚುಕಟ್ಟಿಗೆ ನೀರುಣಿಸುತ್ತವೆ. ನಮ್ಮ ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲವೂ ಇಂಥದೊಂದು ಅಚ್ಚುಕಟ್ಟು. ಮಿದುಳಿನಿಂದ ಬರುವ ದೃಷ್ಟಿನರ ಕಣ್ಣನ್ನು ಸೇರುವ ಜಾಗವೇ ಅದರ ತೂಬು. ತಾಯಿಯ ಗರ್ಭದಲ್ಲಿ ಸುಮಾರು ಹದಿನಾರನೆಯ ವಾರಕ್ಕೆ ಅಲ್ಲಿಂದ ರಕ್ತನಾಳಗಳು ಹೊರಟು, ಅಂಗುಲ ಅಂಗುಲವಾಗಿ ಅಲ್ಲ, ಎಳೆ ಎಳೆಯಾಗಿ ಅಂಚಿನ ಕಡೆಗೆ ಬೆಳೆಯುತ್ತವೆ. ಮೂಗಿನ ಕಡೆಯ ಅಂಚನ್ನು ಸುಮಾರು 36ನೆಯ ವಾರಕ್ಕೂ, ಕಿವಿಯ ಕಡೆಯ ದೂರದ ಅಂಚನ್ನು ಸುಮಾರು 40ನೆಯ ವಾರಕ್ಕೂ ಮುಟ್ಟುತ್ತವೆ. ಅಂದರೆ ಮಗು ಹುಟ್ಟುವ ಹೊತ್ತಿಗೆ ಕಾಲುವೆಯ ಕೆಲಸ ಮುಗಿದಿರುತ್ತದೆ.

ಮಗು 30ನೆಯ ವಾರಕ್ಕೇ ಹುಟ್ಟಿದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಗರ್ಭದೊಳಗಿನ ಮಿತವಾದ ಆಮ್ಲಜನಕದಲ್ಲಿ ಬೆಳೆಯಬೇಕಾಗಿದ್ದ ಎಳೆಯ ನಾಳಗಳು ಹೊರಗಿನ ಗಾಳಿಗೆ, ಅದಕ್ಕಿಂತ ಹೆಚ್ಚಾಗಿ ಆಸ್ಪತ್ರೆಯಲ್ಲಿ ಕೊಡುವ ಆಮ್ಲಜನಕಕ್ಕೆ ಸಿಕ್ಕಿ ಬೆಳವಣಿಗೆಯನ್ನೇ ಮರೆಯುತ್ತವೆ. ಆದರೆ ಅಂಚಿನ ಅಕ್ಷಿಪಟಲ ದಿನದಿನಕ್ಕೆ ಬಲಿಯುತ್ತಲೇ ಇರುತ್ತದೆ, ಅದಕ್ಕೆ ರಕ್ತ ಬೇಕೇ ಬೇಕು. ಕಾಲುವೆಯ ಕೊನೆಭಾಗದ ರೈತರು ನೀರಿಗಾಗಿ ಮೊರೆಯಿಡುವುದನ್ನು ದಾವಣಗೆರೆ ಜಿಲ್ಲೆಯವರು ಪ್ರತಿ ಬೇಸಿಗೆಯಲ್ಲೂ ಕಂಡವರು. ಕಣ್ಣಿನ ಕೊನೆಭಾಗವೂ ಹಾಗೆಯೇ ಒಂದು ರಾಸಾಯನಿಕದ ಮೂಲಕ ಮೊರೆಯಿಡುತ್ತದೆ. ಮೊರೆ ಮಿತಿಮೀರಿದಾಗ ಇರುವ ನಾಳಗಳು ಉಬ್ಬುತ್ತವೆ, ಹಾವಿನಂತೆ ಅಂಕುಡೊಂಕಾಗುತ್ತವೆ, ಇಲ್ಲದ ಕಡೆ ಹೊಸ ನಾಳಗಳು ಅಡ್ಡಾದಿಡ್ಡಿಯಾಗಿ ಒಡೆದು ಮೂಡುತ್ತವೆ. ಆ ಕಳ್ಳಗಾಲುವೆಗಳ ದಂಡೆ ಗಟ್ಟಿಯಿಲ್ಲ. ಅವು ಸೋರುತ್ತವೆ, ಗಾಯ ಕಟ್ಟುತ್ತವೆ, ಕೊನೆಗೆ ಅಕ್ಷಿಪಟಲವನ್ನೇ ಗೋಡೆಯಿಂದ ಎಳೆದು ಕೆಡವುತ್ತವೆ. ಇಷ್ಟೆಲ್ಲ ನಡೆಯಲು ಕೆಲವು ವಾರಗಳು ಸಾಕು. ಒಮ್ಮೆ ಅಕ್ಷಿಪಟಲ ಪೂರ್ತಿ ಕಳಚಿದ ಮೇಲೆ ಶಸ್ತ್ರಚಿಕಿತ್ಸೆಯಿಂದ ಮರಳಿ ಸಿಗುವ ದೃಷ್ಟಿ ತೀರ ಅಲ್ಪ.

ಈ ವ್ಯಾಧಿಯ ಇತಿಹಾಸ ವಿಚಿತ್ರವಾದುದು. 1942ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಥಿಯೊಡೋರ್ ಟೆರಿ ಎಂಬ ನೇತ್ರವೈದ್ಯರು ಇದನ್ನು ಮೊದಲು ವರ್ಣಿಸಿದರು. ಬಡ ದೇಶಗಳಲ್ಲಿ ಆಗ ಇದು ಇರಲೇ ಇಲ್ಲ, ಏಕೆಂದರೆ ಅಲ್ಲಿ ಅಂಥ ಮಕ್ಕಳು ಬದುಕುತ್ತಲೇ ಇರಲಿಲ್ಲ. ಶ್ರೀಮಂತ ದೇಶಗಳ ಆಸ್ಪತ್ರೆಗಳು ಗಾಜಿನ ಪೆಟ್ಟಿಗೆಯಲ್ಲಿ ಕೂಸನ್ನಿಟ್ಟು ಧಾರಾಳವಾಗಿ ಆಮ್ಲಜನಕ ಹರಿಸಿ ಜೀವ ಉಳಿಸಿದವು. ಉಳಿದ ಮಕ್ಕಳಲ್ಲಿ ಸಾವಿರಾರು ಮಂದಿ ಕುರುಡಾದರು. 1950ರಲ್ಲಿ ಹುಟ್ಟಿದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು. ಆಮ್ಲಜನಕವೇ ಇದರ ಹಿಂದಿರಬಹುದೆಂದು 1951ರಲ್ಲಿ ಆಸ್ಟ್ರೇಲಿಯಾದ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಬರೆದರು. ಕೂಡಲೇ ಎಲ್ಲೆಡೆ ಆಮ್ಲಜನಕವನ್ನು ಬಿಗಿಹಿಡಿದರು. ಕಣ್ಣು ಉಳಿದವು, ಆದರೆ ಹೆಚ್ಚು ಕೂಸುಗಳು ಸತ್ತವು. ಕಡಿಮೆಯಾದರೆ ಜೀವಕ್ಕೆ, ಹೆಚ್ಚಾದರೆ ಕಣ್ಣಿಗೆ ಕುತ್ತು. ಈ ಎರಡರ ನಡುವಿನ ಕಿರಿದಾದ ಹಾದಿಯಲ್ಲಿಯೇ ಶಿಶುವೈದ್ಯರು ಇಂದಿಗೂ ನಡೆಯುತ್ತಿದ್ದಾರೆ.

ಏಳು ತಿಂಗಳ ಕೂಸು ಉಳಿದೀತು, ಎಂಟು ತಿಂಗಳದ್ದು ಉಳಿಯದು ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿತ್ತು. ಇಂದು ಎರಡೂ ಉಳಿಯುತ್ತವೆ. ಚನ್ನಗಿರಿ ಸೀಮೆಯಲ್ಲಿ ದಿನ ತುಂಬದೆ ಹೆರಿಗೆಯಾದರೆ ಕೂಸನ್ನು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ, ಬಾಪೂಜಿ ಮಕ್ಕಳ ಆಸ್ಪತ್ರೆಗೋ, ಶಿವಮೊಗ್ಗಕ್ಕೋ ಒಯ್ಯುತ್ತಾರೆ. ಒಂದೂಕಾಲು ಕಿಲೋ ತೂಕದ ಕೂಸು ಕೂಡ ನಗುತ್ತ ಮನೆಗೆ ಬರುತ್ತದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಮಕ್ಕಳು ಹೀಗೆ ಅವಧಿಗೆ ಮುನ್ನ ಹುಟ್ಟುತ್ತಾರೆ, ಜಗತ್ತಿನ ಬೇರಾವ ದೇಶದಲ್ಲೂ ಇಷ್ಟಿಲ್ಲ. ಎಲ್ಲರಿಗೂ ಈ ವ್ಯಾಧಿ ಬರುವುದಿಲ್ಲ, ಬಂದವರಲ್ಲೂ ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಯಾರಲ್ಲಿ ಇಳಿಯದು ಎಂಬುದನ್ನು ಕಣ್ಣೊಳಗೆ ನೋಡದೆ ಹೇಳುವ ಉಪಾಯ ಯಾವುದೂ ಇಲ್ಲ.

ನೋಡುವವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ಪೊರೆಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಎಳೆಗೂಸಿನ ಅಕ್ಷಿಪಟಲವನ್ನು ಓದಬಲ್ಲ ತಜ್ಞರು ದೊಡ್ಡ ನಗರಗಳಲ್ಲಿ ಮಾತ್ರ ಹೆಚ್ಚು. ಈ ತೊಡಕಿಗೆ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಸಂಗಡಿಗರು 2008ರಲ್ಲಿ ಒಂದು ದಾರಿ ಕಂಡುಕೊಂಡರು. ಕಿಡ್‌ರಾಪ್ ಎಂಬ ಹೆಸರಿನ ಆ ಯೋಜನೆಯಲ್ಲಿ ತಜ್ಞರು ಊರೂರಿಗೆ ಹೋಗುವುದಿಲ್ಲ, ಕೂಸುಗಳೂ ಬೆಂಗಳೂರಿಗೆ ಬರಬೇಕಾಗಿಲ್ಲ. ವೈದ್ಯರಲ್ಲದ, ಆದರೆ ಚೆನ್ನಾಗಿ ತರಬೇತಾದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿ ಹೊತ್ತು ಗೊತ್ತುಮಾಡಿದ ದಿನಗಳಂದು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ, ಕಣ್ಣೊಳಗಿನ ಚಿತ್ರ ತೆಗೆದು, ಅಂತರಜಾಲದ ಮೂಲಕ ತಜ್ಞರಿಗೆ ಕಳುಹಿಸುತ್ತಾರೆ. ರಸ್ತೆಯ ದೀಪಗಳಂತೆ ಕೆಂಪು, ಕಿತ್ತಳೆ, ಹಸಿರು ಎಂದು ಮೂರು ಗುಂಪು ಮಾಡಲಾಗುತ್ತದೆ. ಕೆಂಪೆಂದರೆ ಚಿಕಿತ್ಸೆ ತಡಮಾಡುವಂತಿಲ್ಲ. ಸರ್ಕಾರವೂ ಇದರೊಡನೆ ಕೈಜೋಡಿಸಿತು. ವಿದೇಶದ ದುಬಾರಿ ಕ್ಯಾಮೆರಾದ ಜಾಗಕ್ಕೆ ಬೆಂಗಳೂರಿನ ಫೋರಸ್ ಹೆಲ್ತ್ ಸಂಸ್ಥೆ ತಯಾರಿಸಿದ ತ್ರಿನೇತ್ರ ನಿಯೋ ಎಂಬ ಕ್ಯಾಮೆರಾ ಕೂಡ ಬಂತು. ಶಿವಭಕ್ತರಿಗೆ ಆ ಹೆಸರು ಹಿಡಿಸದೆ ಇರದು.

ಹೀಗೆ ವರ್ಷಗಟ್ಟಲೆ ಸಂಗ್ರಹವಾದ ಚಿತ್ರರಾಶಿಯೇ ಮುಂದೆ ಗಣಕಯಂತ್ರದ ಪಠ್ಯಪುಸ್ತಕವಾಯಿತು.

ಡೀಪ್ ಲರ್ನಿಂಗ್ ಎಂಬ ಮಾತು ಪತ್ರಿಕೆಗಳಲ್ಲಿ ದಿನವೂ ಕಾಣಿಸುತ್ತದೆ. ಅದರಲ್ಲಿ ಮಾಯೆಯೇನೂ ಇಲ್ಲ. ಚನ್ನಗಿರಿಯ ಅಡಿಕೆ ಮನೆಗಳಲ್ಲಿ ಆರಿಸುವ ಹೆಣ್ಣುಮಕ್ಕಳನ್ನು ನೋಡಿ. ರಾಶಿ, ಬೆಟ್ಟೆ, ಗೊರಬಲು ಎಂದು ಅವರ ಬೆರಳು ತಾನಾಗಿಯೇ ವಿಂಗಡಿಸುತ್ತ ಹೋಗುತ್ತದೆ. ಯಾವ ಲಕ್ಷಣದಿಂದ ಬೇರ್ಪಡಿಸಿದಿರಿ ಎಂದು ಕೇಳಿದರೆ ಪೂರ್ತಿಯಾಗಿ ಹೇಳಲಾರರು. ಮೊದಮೊದಲು ತಪ್ಪು ಮಾಡಿದಾಗ ಹಿರಿಯರು ತಿದ್ದಿದರು. ಸಾವಿರ ಸಲ ತಿದ್ದಿಸಿಕೊಂಡು ಕಣ್ಣು ಪಳಗಿತು. ಗಣಕಯಂತ್ರಕ್ಕೂ ಇದೇ ಪಾಠ. ಅದಕ್ಕೆ ನಿಯಮಗಳನ್ನು ಬರೆದುಕೊಡುವುದಿಲ್ಲ. ತಜ್ಞರು ಮೊದಲೇ ಗುರುತು ಹಾಕಿದ ಚಿತ್ರಗಳನ್ನು ಒಂದಾದಮೇಲೊಂದು ತೋರಿಸುತ್ತಾರೆ, ಅದು ಊಹಿಸುತ್ತದೆ, ಊಹೆ ತಪ್ಪಿದಾಗ ಒಳಗಿನ ಲಕ್ಷಾಂತರ ಅಂಕಿಗಳನ್ನು ಕೂದಲೆಳೆಯಷ್ಟು ಬದಲಿಸಿಕೊಳ್ಳುತ್ತದೆ. ಆ ಅಂಕಿಗಳು ಪದರ ಪದರವಾಗಿ ಜೋಡಣೆಗೊಂಡಿರುವುದರಿಂದ ಆಳದ ಕಲಿಕೆ ಎಂಬ ಹೆಸರು. ಕೆಲವು ತಂಡಗಳು ಈ ಕೆಲಸವನ್ನು ಎರಡು ಹೆಜ್ಜೆಗಳಲ್ಲಿ ಮಾಡಿಸುತ್ತವೆ. ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದವರು 2015ರಲ್ಲಿ ರೂಪಿಸಿದ ಯು-ನೆಟ್ ಎಂಬ ವಿಧಾನದಿಂದ ಮೊದಲು ಚಿತ್ರದಲ್ಲಿ ರಕ್ತನಾಳ ಯಾವುದು, ನಾಳವಲ್ಲದ್ದು ಯಾವುದು ಎಂದು ಬೇರ್ಪಡಿಸಿ, ಕಾಲುವೆಗಳ ನಕ್ಷೆಯನ್ನಷ್ಟೇ ಉಳಿಸಿಕೊಳ್ಳುವುದು. ಬಳಿಕ ಆ ನಕ್ಷೆಯನ್ನು ನೋಡಿ ನಾಳಗಳು ಉಬ್ಬಿವೆಯೇ, ಸುರುಳಿಗಟ್ಟಿವೆಯೇ ಎಂದು ನಿರ್ಣಯಿಸುವುದು.

ಕೇಳಲು ಸರಳ. ಆದರೆ ಎಷ್ಟು ಡೊಂಕಾದರೆ ರೋಗ? ನಮ್ಮ ನಾಳಗಳು ಎಲ್ಲರಲ್ಲೂ ಒಂದೇ ಅಚ್ಚಿನವಲ್ಲ. ಹುಟ್ಟಿನಿಂದಲೇ ಅಕ್ಷಿಪಟಲದ ನಾಳಗಳು ಅಂಕುಡೊಂಕಾಗಿದ್ದು, ಜೀವಮಾನವಿಡೀ ಚೆನ್ನಾಗಿ ಕಾಣುವವರಿದ್ದಾರೆ. ಕಣ್ಣಿನಾಚೆಗೂ ಹೀಗೆಯೇ. ಮಿದುಳಿನ ಬುಡದಲ್ಲಿ ಉಂಗುರದಂತೆ ಕೂಡುವ ನಾಳಗಳನ್ನು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿಯೇ ವರ್ಣಿಸಿದ್ದಾರೆ. ಆದರೆ ಪುಸ್ತಕದಲ್ಲಿರುವಂತೆ ಪೂರ್ಣವಾದ ಉಂಗುರ ಎಷ್ಟೋ ಮಂದಿಯಲ್ಲಿ ಇರುವುದೇ ಇಲ್ಲ. ಮೂತ್ರಪಿಂಡ ದಾನ ಮಾಡುವ ಮುನ್ನ ಸಿಟಿ ಸ್ಕ್ಯಾನ್ ಮಾಡಿಸುವುದಕ್ಕೆ ಒಂದು ಕಾರಣ, ಒಂದೇ ಶುದ್ಧರಕ್ತನಾಳ ಇರಬೇಕಾದಲ್ಲಿ ಎರಡೋ ಮೂರೋ ಇರುವವರು ವಿರಳರಲ್ಲ ಎಂಬುದು. ಮಿದುಳಿನ ನಾಳಗಳ ಇಂಥ ಭೇದಗಳನ್ನು ಗಣಕಯಂತ್ರದಿಂದ ಗುರುತಿಸುವ ಅಂತರರಾಷ್ಟ್ರೀಯ ಸ್ಪರ್ಧೆಯನ್ನು 2023ರಲ್ಲಿ ಜ್ಯೂರಿಕ್‌ನ ಸಂಶೋಧಕರು ಏರ್ಪಡಿಸಿದ್ದರು. ಪ್ರಕೃತಿಯೇ ಮಾಡಿದ ಭೇದ ಯಾವುದು, ರೋಗ ತಂದ ವಿಕಾರ ಯಾವುದು ಎಂದು ತಿಳಿಯುವುದು ವೈದ್ಯರಿಗೂ ಯಂತ್ರಕ್ಕೂ ಸಮಾನವಾದ ಪರೀಕ್ಷೆ.

ವೈದ್ಯರು ಆ ಪರೀಕ್ಷೆಯಲ್ಲಿ ಹೇಗೆ ಉತ್ತೀರ್ಣರಾದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಈ ವ್ಯಾಧಿಯಲ್ಲಿ ನಾಳಗಳು ಅಪಾಯದ ಮಟ್ಟಕ್ಕೆ ಉಬ್ಬಿ ಸುತ್ತಿಕೊಂಡಿರುವ ಸ್ಥಿತಿಗೆ ಪ್ಲಸ್ ಎಂದು ಹೆಸರು. 1980ರ ದಶಕದ ಒಂದು ಮಾದರಿ ಚಿತ್ರದೊಡನೆ ಹೋಲಿಸಿ ಅದನ್ನು ನಿರ್ಧರಿಸುವ ರೂಢಿ ಬೆಳೆದಿತ್ತು. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 22 ಮಂದಿ ನುರಿತ ತಜ್ಞರಿಗೆ 34 ಚಿತ್ರಗಳನ್ನು ಕೊಟ್ಟು, ಪ್ಲಸ್ ಇದೆಯೋ ಇಲ್ಲವೋ ಎಂದು ಮಾತ್ರ ನೋಡಿದಾಗ, ಎಲ್ಲರೂ ಒಮ್ಮತಕ್ಕೆ ಬಂದದ್ದು 7 ಚಿತ್ರಗಳಲ್ಲಿ! ಇದು ಅವರ ಅಜ್ಞಾನವಲ್ಲ. ಎಲ್ಲಿ ಗೆರೆ ಎಳೆಯಬೇಕೆಂಬುದು ಪ್ರತಿಯೊಬ್ಬರ ಅನುಭವದಲ್ಲಿ ಬೇರೆಬೇರೆಯಾಗಿತ್ತು. ಆದಕಾರಣ ಯಂತ್ರಕ್ಕೆ ಕಲಿಸುವಾಗ ಒಬ್ಬರ ಮಾತನ್ನೇ ನಂಬದೆ ಹಲವರ ನಿರ್ಣಯಗಳನ್ನು ಕೂಡಿಸಿ ಉತ್ತರವನ್ನು ಗೊತ್ತುಮಾಡಿದರು. ಹಾಗೆ ಸುಮಾರು 5,500 ಚಿತ್ರಗಳಿಂದ ಕಲಿತ ಒಂದು ವ್ಯವಸ್ಥೆ, 2018ರ ವರದಿಯಂತೆ, ಹೊಸದಾದ 100 ಚಿತ್ರಗಳಲ್ಲಿ 91ಕ್ಕೆ ಸರಿಯುತ್ತರ ಹೇಳಿತು. ಅದೇ ಪರೀಕ್ಷೆಗೆ ಕುಳಿತ ಎಂಟು ತಜ್ಞರಲ್ಲಿ ಆರು ಮಂದಿಯನ್ನು ಮೀರಿಸಿತು.

ಆದರೆ ಅಮೆರಿಕದ ಕೂಸುಗಳಿಂದ ಕಲಿತದ್ದು ಹಾಗೆಯೇ ನಮ್ಮವರಿಗೆ ಹೊಂದಲಾರದು. ನಮ್ಮ ಕಣ್ಣಿನ ಒಳಭಿತ್ತಿಯ ಬಣ್ಣ ಹೆಚ್ಚು ಗಾಢ, ಕ್ಯಾಮೆರಾಗಳು ಬೇರೆ. ಅಲ್ಲಿ ಸಾಮಾನ್ಯವಾಗಿ 30 ವಾರ ಅಥವಾ 1,500 ಗ್ರಾಂ ಒಳಗಿನ ಕೂಸುಗಳನ್ನು ತಪಾಸಣೆ ಮಾಡಿದರೆ ಸಾಕೆನ್ನುತ್ತಾರೆ, ನಮ್ಮಲ್ಲಿ ಅದಕ್ಕಿಂತ ದೊಡ್ಡ ಕೂಸುಗಳಿಗೂ ಇದು ಬರುತ್ತದೆ. ಕಿಡ್‌ರಾಪ್ ಸಂಗ್ರಹದ ಬೆಲೆ ಇಲ್ಲಿದೆ. ಆ ಯೋಜನೆಯಲ್ಲಿ ತೆಗೆದ ಎರಡು ಲಕ್ಷಕ್ಕೂ ಮಿಕ್ಕಿದ ಚಿತ್ರಗಳನ್ನು ಆಧರಿಸಿ ಬೆಳೆಸಿದ ಗಣಕ ವ್ಯವಸ್ಥೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ವ್ಯಾಧಿಯಿದ್ದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಅದು ಸರಿಯಾಗಿ ಗುರುತಿಸಿತ್ತು. ಹಳ್ಳಿಯ ಕೂಸುಗಳ ಕಣ್ಣು ಜಗತ್ತಿನ ವಿಜ್ಞಾನಕ್ಕೆ ಪಾಠ ಹೇಳಿದ ಈ ಸಂಗತಿ ನಮಗೆ ಹೆಮ್ಮೆಯದೆನಿಸುತ್ತದೆ. ಹಾಗೆಂದು ಲೆಕ್ಕದ ಇನ್ನೊಂದು ಮಗ್ಗುಲನ್ನು ಮರೆಯುವಂತಿಲ್ಲ: ತೊಂಬತ್ತನ್ನು ಹಿಡಿಯುವ ಯಂತ್ರ ಕೆಲವನ್ನು ಬಿಟ್ಟೂಬಿಡುತ್ತದೆ. ಬಿಟ್ಟುಹೋದ ಆ ಕೂಸು ಯಾರದೋ ಮನೆಯ ಏಕೈಕ ಸಂತಾನವಾಗಿರಬಹುದು. ಆದ್ದರಿಂದ ಯಂತ್ರ ಹಸಿರೆಂದರೂ ಮುಂದಿನ ತಪಾಸಣೆ ತಪ್ಪಬಾರದು, ಕೊನೆಯ ಮಾತು ತಜ್ಞವೈದ್ಯರದೇ ಆಗಿರಬೇಕು. ಯಂತ್ರದಿಂದ ಆಗಬೇಕಾದದ್ದು ರಾಶಿ ಚಿತ್ರಗಳ ನಡುವೆ ತುರ್ತಾದವನ್ನು ಎತ್ತಿ ಮುಂದಿಡುವ ಕೆಲಸ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಅಧ್ಯಯನ. ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಯ ತಪಾಸಣಾ ಚಿತ್ರಗಳಲ್ಲಿ ನಾಳಗಳ ವಿಕಾರ ಎಷ್ಟೆಂದು ಯಂತ್ರದಿಂದ ಅಂಕ ಕೊಡಿಸಿ, ಆ ಅಂಕಗಳನ್ನು ಕೂಸುಗಳು ಇದ್ದ ಶಿಶು ಘಟಕಗಳಿಗೆ ಹೊಂದಿಸಿ ನೋಡಿದರು. ಆಮ್ಲಜನಕವನ್ನು ಗಾಳಿಯೊಡನೆ ಹದವಾಗಿ ಬೆರೆಸುವ ಉಪಕರಣವೂ, ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಸಾಧನವೂ ಇಲ್ಲದ ಘಟಕಗಳಲ್ಲಿ ಬೆಳೆದ ಕೂಸುಗಳ ಅಂಕ ಹೆಚ್ಚಾಗಿತ್ತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದಾಗ, ಕೂಸಿನ ಕಣ್ಣು ತಾನಿದ್ದ ಆಸ್ಪತ್ರೆಯ ಸ್ಥಿತಿಯನ್ನೂ ಬರೆದಿಟ್ಟುಕೊಂಡಿರುತ್ತದೆಂದು ತಿಳಿಯುತ್ತದೆ. ಭಕ್ತರು ಆಸ್ಪತ್ರೆಗೆ ದಾನ ಕೊಡಬೇಕೆಂದುಕೊಂಡಾಗ ಗೋಡೆಗೆ ಹೆಸರು ಕೆತ್ತಿಸುವ ಕಟ್ಟಡಕ್ಕಿಂತ, ಆಮ್ಲಜನಕ ಬೆರೆಸುವ ಆ ಸಣ್ಣ ಉಪಕರಣ ಇದೆಯೇ ಎಂದು ಒಮ್ಮೆ ವಿಚಾರಿಸಬಹುದು. ಅದೂ ದಾಸೋಹವೇ.

ಇನ್ನು ಮನೆಯ ಮಾತಿಗೆ ಬರೋಣ. ಕೆರೆಬಿಳಚಿಯ ಒಂದು ಮನೆಯಲ್ಲಿ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಎರಡು ತಿಂಗಳು ಮೊದಲೇ ಹೆರಿಗೆಯಾಯಿತು ಎನ್ನೋಣ. ಕೂಸು ಮೂರು ವಾರ ದಾವಣಗೆರೆಯ ಆಸ್ಪತ್ರೆಯಲ್ಲಿದ್ದು, ತೂಕ ಏರಿ, ಮನೆಗೆ ಬಂತು. ಕಣ್ಣಿನ ತಪಾಸಣೆಗೆ ಇಂಥ ದಿನ ಬನ್ನಿ ಎಂದು ಬಿಡುಗಡೆಯ ಚೀಟಿಯಲ್ಲಿ ಬರೆದಿದೆ. ಆದರೆ ಅದು ಬಾಣಂತನದ ನಡುವಿನ ದಿನ. ಕೋಣೆಯ ಬಾಗಿಲು ಮುಚ್ಚಿದೆ, ಬಾಣಂತಿಗೂ ಕೂಸಿಗೂ ಗಾಳಿ ತಾಗಬಾರದು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಕೂಸನ್ನು ಬಸ್ಸಿನಲ್ಲಿ ಮತ್ತೆ ಒಯ್ಯುವುದೇ ಎಂದು ಅಜ್ಜಿ ಕೇಳುತ್ತಾರೆ. ಕಣ್ಣು ಪಿಳಿಪಿಳಿ ಬಿಡುತ್ತಿದೆಯಲ್ಲ, ಏನಾಗಿದೆ? ತಿಂಗಳು ಕಳೆಯಲಿ, ಹೋದರಾಯಿತು ಎನ್ನುತ್ತಾರೆ. ಅಜ್ಜಿಯ ಮಾತಿನಲ್ಲಿರುವುದು ಅಕ್ಕರೆಯೇ. ಬಾಣಂತನದ ಬೆಚ್ಚಗಿನ ಆರೈಕೆಯನ್ನು ನಾವು ಹಳಿಯುವುದಿಲ್ಲ. ದಿನ ತುಂಬದ ಕೂಸಿಗೆ ಶಾಖವೇ ಮೊದಲ ಔಷಧ. ಆದರೆ ಅಪಾಯದ ಗಡುವು ಆ ಮುಚ್ಚಿದ ಬಾಗಿಲಿನ ಹಿಂದೆಯೇ ಮುಗಿದುಹೋಗುತ್ತದೆ. ಯಾವ ಯಂತ್ರವೂ ತನ್ನೆದುರು ಬಾರದ ಕಣ್ಣನ್ನು ಓದಲಾರದು.

34 ವಾರಕ್ಕೆ ಮೊದಲು ಹುಟ್ಟಿದ, ಇಲ್ಲವೇ ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಹುಟ್ಟಿದ 30 ದಿನಗಳೊಳಗೆ ಮೊದಲ ತಪಾಸಣೆ ಆಗಲೇಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಅಥವಾ ತೂಕ 1,200 ಗ್ರಾಂಗಿಂತ ಕಡಿಮೆಯಿದ್ದರೆ ಎರಡು-ಮೂರು ವಾರಕ್ಕೇ. ಅದಕ್ಕಿಂತ ತುಸು ದೊಡ್ಡ ಕೂಸಾಗಿದ್ದೂ ಬಹುದಿನ ಆಮ್ಲಜನಕದಲ್ಲಿದ್ದರೆ, ನಂಜಾಗಿದ್ದರೆ, ಶಿಶುವೈದ್ಯರನ್ನು ತಾವಾಗಿಯೇ ಕೇಳಬೇಕು. ದಿನಗಳನ್ನು ಎಣಿಸಬೇಕಾದುದು ಹುಟ್ಟಿದಂದಿನಿಂದ, ಮನೆಗೆ ಬಂದಂದಿನಿಂದಲ್ಲ. ಈ ಒಂದು ತಪ್ಪೆಣಿಕೆ ಎರಡು ಮೂರು ವಾರಗಳನ್ನೇ ನುಂಗಿಬಿಡುತ್ತದೆ.

ತಪಾಸಣೆಗೆ ಕೆಲವು ನಿಮಿಷ ಸಾಕು. ಹನಿ ಹಾಕಿ ಪಾಪೆಯನ್ನು ಅಗಲಿಸಿ, ನೋವಾಗದಂತೆ ಮರಗಟ್ಟಿಸುವ ಹನಿ ಹಾಕಿ, ಪುಟ್ಟ ಕೊಕ್ಕೆಯಿಂದ ರೆಪ್ಪೆಯನ್ನು ತೆರೆದು ಚಿತ್ರ ತೆಗೆಯುತ್ತಾರೆ. ಕೂಸು ಅತ್ತೀತು, ತಾಯಂದಿರಿಗೆ ನೋಡಲು ಸಂಕಟವಾದೀತು. ನಾಳಗಳು ಅಂಚನ್ನು ಮುಟ್ಟುವವರೆಗೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಮರಳಿ ಹೋಗಬೇಕು. ಚಿಕಿತ್ಸೆ ಬೇಕೆಂದರೆ ಎರಡು ಮೂರು ದಿನಗಳೊಳಗೆ ಆಗಬೇಕು. ನೀರಿಗಾಗಿ ಕೂಗುವ ಬರಡು ಅಂಚನ್ನು ಲೇಸರ್ ಕಿರಣದಿಂದ ಸುಟ್ಟು ಆ ಮೊರೆಯನ್ನು ನಿಲ್ಲಿಸುವುದು ಒಂದು ಬಗೆ. ಮೊರೆಯ ರಾಸಾಯನಿಕವನ್ನು ತಡೆಯುವ ಔಷಧವನ್ನು ಕಣ್ಣೊಳಗೆ ಚುಚ್ಚುವುದು ಇನ್ನೊಂದು. ಅಂಚನ್ನು ಕಳೆದುಕೊಂಡರೂ ನಡುವಿನ ನೋಟ ಉಳಿಯುತ್ತದೆ. ಚುಚ್ಚುಮದ್ದು ಪಡೆದ ಕೂಸಿನಲ್ಲಿ ವ್ಯಾಧಿ ತಿಂಗಳುಗಳ ನಂತರ ಮರುಕಳಿಸಬಹುದಾದ್ದರಿಂದ ತಪಾಸಣೆ ಇನ್ನೂ ದೀರ್ಘ. ಈ ನಡುವೆ ಕಣ್ಣಿಗೆ ಹರಳೆಣ್ಣೆ ಬಿಡುವುದು, ಕಾಡಿಗೆ ತೀಡುವುದು ಬೇಡ. ಅದರಿಂದ ಈ ವ್ಯಾಧಿಗೆ ಯಾವ ಉಪಯೋಗವೂ ಇಲ್ಲ, ಸೋಂಕಿಗೆ ಮಾತ್ರ ದಾರಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ವ್ಯಾಧಿಯ ತಪಾಸಣೆ ಸೇರಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಿಗೆ ಮನೆಗೆ ಬರುವ ಏರ್ಪಾಡಿದೆ. ಇಪ್ಪತ್ತೆಂಟನೆಯ ದಿನದ ಭೇಟಿಗೂ ಗಡುವಿಗೂ ನಡುವೆ ಉಳಿಯುವುದು ಎರಡೇ ದಿನ, ಆದ್ದರಿಂದ ಇಪ್ಪತ್ತೊಂದನೆಯ ದಿನವೇ ಅವರ ಮುಂದೆ ಆಸ್ಪತ್ರೆಯ ಚೀಟಿಯನ್ನು ತೆಗೆದಿಡುವುದು ಲೇಸು. ಕೂಸಿಗೆ ಲಿಂಗಧಾರಣೆ ಮಾಡಲು ಬರುವ ಜಂಗಮಮೂರ್ತಿಗಳಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಕೂಸು ದಿನ ತುಂಬದೆ ಹುಟ್ಟಿದ್ದೆಂದು ತಿಳಿದರೆ, ಕಣ್ಣಿನ ತಪಾಸಣೆ ಯಾವ ದಿನಕ್ಕೆ ಗೊತ್ತಾಗಿದೆ ಎಂದು ಮನೆಯವರನ್ನು ಒಂದು ಮಾತು ಕೇಳಿ. ಅಜ್ಜಿ ವೈದ್ಯರ ಮಾತಿಗೆ ಒಪ್ಪದಿದ್ದರೂ ತಮ್ಮ ಮಾತನ್ನು ತೆಗೆದುಹಾಕಲಾರರು.

ನಾಳಗಳು ಪೂರ್ತಿ ಬೆಳೆದಿವೆ ಎಂದು ವೈದ್ಯರು ಬರೆದುಕೊಟ್ಟ ಮೇಲೂ ಆ ಚೀಟಿಗಳನ್ನು ಕಟ್ಟಿಡಬೇಕು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಮೆಳ್ಳೆಗಣ್ಣೂ ಕನ್ನಡಕದ ಅವಶ್ಯಕತೆಯೂ ಹೆಚ್ಚು. ಶಾಲೆಗೆ ಸೇರಿಸುವವರೆಗೆ ವರ್ಷಕ್ಕೊಮ್ಮೆಯಾದರೂ ಕಣ್ಣು ತೋರಿಸಬೇಕು, ಆಗ ಆ ಹಳೆಯ ಚೀಟಿಗಳನ್ನು ವೈದ್ಯರು ಕೇಳುತ್ತಾರೆ.